ಊರ ಪಟೇಲನಾಗಲು ಬೇಕಾದ ಅರ್ಹತೆ



ಕಳೆದ ತಿಂಗಳು ನಮ್ಮ ಶುಕ್ರವಾರದ ಕನ್ನಡ ತರಗತಿಯಲ್ಲಿ ಹತ್ತು ವರ್ಷದ ಹುಡುಗನೊಬ್ಬ ಎದ್ದು ನಿಂತು, "ಟೀಚರ್, ಷೆರೀಫ್ ಆಗಬೇಕಾದರೆ ಏನು ಓದಬೇಕು?" ಎಂದು ಕೇಳಿದನಂತೆ. ಹಿಂದಿನ ರಾತ್ರಿ ಅವನು ಕುದುರೆ, ಟೋಪಿ, ಎದೆಯ ಮೇಲೆ ನಕ್ಷತ್ರದ ಬಿಲ್ಲೆ ಇರುವ ಅಮೆರಿಕದ ಸಿನಿಮಾ ನೋಡಿದ್ದ. ಪಕ್ಕದಲ್ಲಿದ್ದ ಹುಡುಗಿ ಸುಮ್ಮನಿರಲಿಲ್ಲ. "ನಮ್ಮ ಕಟ್ಟಡದ ಕೆಳಗಿನ ಅಂಗಡಿ ಮಾಮನ ಹೆಸರೂ ಷರೀಫ್, ಅವರೂ ಪೊಲೀಸಾ?" ಎಂದಳು. ತರಗತಿಯೆಲ್ಲ ನಕ್ಕಿತು. ಟೀಚರಮ್ಮ ಮಾತ್ರ ಪ್ರಶ್ನೆಯನ್ನು ಮರೆಯದೆ ನಮಗೆ ದಾಟಿಸಿದರು. ಉತ್ತರ ಹುಡುಕುತ್ತ ಹೊರಟ ನಾವು ಅಮೆರಿಕದಿಂದ ನಮ್ಮೂರ ಚಾವಡಿಗೆ ಬಂದು ತಲುಪಿದೆವು. ಆ ಪ್ರಯಾಣದ ವರದಿಯೇ ಈ ಲೇಖನ.

ಮೊದಲು ಹುಡುಗಿಯ ಸಂಶಯ ಪರಿಹಾರವಾಗಲಿ. ಅರಬ್ಬಿಯ ಷರೀಫ್ ಎಂದರೆ ಕುಲೀನ, ಗೌರವಸ್ಥ. ಇಂಗ್ಲಿಷಿನ ಷೆರೀಫ್ ಬೇರೆ. ಹಳೆಯ ಇಂಗ್ಲಿಷಿನಲ್ಲಿ ಸೀಮೆಗೆ ಷೈರ್ ಎಂದೂ ರಾಜನ ಪಾರುಪತ್ಯಗಾರನಿಗೆ ರೀವ್ ಎಂದೂ ಹೆಸರು. ಎರಡೂ ಕೂಡಿ ಷೆರೀಫ್ ಆಯಿತು. ರಾಜನ ಕಂದಾಯ ಎತ್ತುವುದು, ಕಳ್ಳರನ್ನು ಹಿಡಿಯುವುದು, ನ್ಯಾಯಾಲಯದ ಆಜ್ಞೆ ನಡೆಸುವುದು ಅವನ ಕೆಲಸ. ಎರಡು ಮಾತಿಗೂ ಕಿವಿಯಲ್ಲಿ ನಂಟೇ ಹೊರತು ರಕ್ತದಲ್ಲಿ ನಂಟಿಲ್ಲ.

ಇನ್ನು ಹುಡುಗನ ಪ್ರಶ್ನೆ. ಅಮೆರಿಕದಲ್ಲಿ ಜಿಲ್ಲೆಯಂಥ ವಿಭಾಗಕ್ಕೆ ಕೌಂಟಿ ಎನ್ನುತ್ತಾರೆ. ಬಹುಪಾಲು ರಾಜ್ಯಗಳಲ್ಲಿ ಕೌಂಟಿಯ ಷೆರೀಫನನ್ನು ಜನರೇ ಓಟು ಹಾಕಿ ಆರಿಸುತ್ತಾರೆ. ಸಾಮಾನ್ಯವಾಗಿ ನಾಲ್ಕು ವರ್ಷದ ಅವಧಿ. ಅರ್ಹತೆ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಆದರೂ ಮುಖ್ಯವಾದವು ಇವು: ಆ ಸೀಮೆಯಲ್ಲಿ ವಾಸವಿರಬೇಕು, ಅಲ್ಲಿಯ ಮತದಾರನಾಗಿರಬೇಕು, ಗೊತ್ತಾದ ವಯಸ್ಸು ತುಂಬಿರಬೇಕು, ಘೋರ ಅಪರಾಧದಲ್ಲಿ ಶಿಕ್ಷೆ ಆಗಿರಬಾರದು. ಕೆಲವು ರಾಜ್ಯಗಳು ಪೊಲೀಸ್ ತರಬೇತಿಯನ್ನೂ ಅನುಭವವನ್ನೂ ಕೇಳುತ್ತವೆ. ನಮ್ಮ ದೇಶದಲ್ಲಿ ಬ್ರಿಟಿಷರು ಬೊಂಬಾಯಿ, ಕಲಕತ್ತೆ, ಮದ್ರಾಸುಗಳಿಗೆ ಷೆರೀಫ್ ಪದವಿ ತಂದರು. ಕಾಲಕ್ರಮದಲ್ಲಿ ಅದು ಒಂದು ಗೌರವದ ಪದವಿಯಾಗಿ ಉಳಿಯಿತು. ೧೯೮೦ರಲ್ಲಿ ಬೊಂಬಾಯಿಯ ಷೆರೀಫರಾಗಿದ್ದವರು ನಟ ದಿಲೀಪ್ ಕುಮಾರ್, ೧೯೯೪ರಲ್ಲಿ ಕ್ರಿಕೆಟಿಗ ಸುನಿಲ್ ಗಾವಸ್ಕರ್. ಕಳ್ಳರನ್ನು ಹಿಡಿಯುವ ಹೊಣೆ ಇಬ್ಬರಿಗೂ ಇರಲಿಲ್ಲ.

ಹಾಗಾದರೆ ಕಂದಾಯವನ್ನೂ ಎತ್ತಿ, ಕಳ್ಳನನ್ನೂ ಹಿಡಿದು, ಸರ್ಕಾರದ ಆಜ್ಞೆಯನ್ನೂ ನಡೆಸುತ್ತಿದ್ದ ಷೆರೀಫ್ ನಮ್ಮಲ್ಲಿ ಯಾರು? ದೂರ ಹೋಗಬೇಕಾಗಿಲ್ಲ. ನಮ್ಮ ಸಂಘದ ಸದಸ್ಯರ ಪಟ್ಟಿಯನ್ನೇ ತೆಗೆದು ನೋಡಿ. ಗೌಡ, ಪಾಟೀಲ, ಪಟೇಲ, ಕುಲಕರ್ಣಿ, ಶಾನುಭೋಗ, ನಾಡಿಗ, ದೇಸಾಯಿ, ತಳವಾರ, ವಾಲಿಕಾರ ಇವೆಲ್ಲ ಮೊದಲು ಹೆಸರುಗಳಲ್ಲ, ಹುದ್ದೆಗಳು. ಹುದ್ದೆ ಹೋಗಿದೆ, ಹೆಸರು ಪಾಸ್‌ಪೋರ್ಟಿನಲ್ಲಿ ಉಳಿದು ಮಸ್ಕತ್ತಿನ ತನಕ ಬಂದಿದೆ. ಈ ಹುದ್ದೆಗೆ ಯಾರು ಅರ್ಹರು ಎಂಬ ಪ್ರಶ್ನೆಗೆ ನಮ್ಮ ಹಿರಿಯರು ಕಾಲಕಾಲಕ್ಕೆ ಕೊಟ್ಟ ಉತ್ತರ ಬೇರೆ ಬೇರೆ. ಅದನ್ನು ನೋಡಿದರೆ ನಮ್ಮ ಸಮಾಜ ಯಾರನ್ನು ನಂಬಿತು, ಯಾರನ್ನು ಹೊರಗಿಟ್ಟಿತು ಎಂಬುದು ತಿಳಿಯುತ್ತದೆ.

ನಮ್ಮ ಶಾಸನಗಳಲ್ಲಿ ಊರ ಮುಖ್ಯಸ್ಥನಿಗೆ ಗಾವುಂಡ ಎಂದು ಹೆಸರು. ಇಂದಿನ ಗೌಡ ಎಂಬ ಮಾತು ಅದರಿಂದಲೇ ಬಂದದ್ದು. ಊರಿಗೆ ಊರ್ಗಾವುಂಡ, ಹಲವು ಊರು ಸೇರಿದ ನಾಡಿಗೆ ನಾಳ್ಗಾವುಂಡ. ನಮ್ಮ ಹಳ್ಳಿಗಳ ಹೊರಗೆ ನಿಂತಿರುವ ವೀರಗಲ್ಲುಗಳನ್ನು ನೋಡಿದವರಿಗೆ ಆ ಕಾಲದ ಅರ್ಹತೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಶತ್ರುಗಳು ತುರುಗಳನ್ನು ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತು ಸತ್ತವರ ಕಲ್ಲುಗಳವು, ಅವರಲ್ಲಿ ಗಾವುಂಡರೂ ಅವರ ಮಕ್ಕಳೂ ಬಹಳ ಮಂದಿ. ಊರನ್ನು ಆಳುವವನು ಊರಿಗಾಗಿ ಮೊದಲು ಏಟು ತಿನ್ನಬೇಕು ಎಂಬುದು ಬರೆಯದ ಕಾನೂನಾಗಿತ್ತು.

ಈ ಮಾತಿನಲ್ಲಿ ನಮ್ಮ ಸೋದರಿಯರೂ ಮಕ್ಕಳೂ ತಿಳಿಯಲೇಬೇಕಾದ ಒಂದು ಹೆಸರಿದೆ, ಜಕ್ಕಿಯಬ್ಬೆ. ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯಲ್ಲಿ ಹತ್ತನೆಯ ಶತಮಾನದ ಆರಂಭದ ಒಂದು ಶಾಸನವಿದೆ. ಆಗ ರಾಷ್ಟ್ರಕೂಟರ ಆಳ್ವಿಕೆ. ನಾಗರಖಂಡ ಎಪ್ಪತ್ತು ಎಂಬ ನಾಡಿನ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನ ತೀರಿಕೊಂಡಾಗ ಅವನ ಹೆಂಡತಿ ಜಕ್ಕಿಯಬ್ಬೆಗೆ ಆ ಅಧಿಕಾರವನ್ನು ಕೊಡಲಾಯಿತು. ಹೆಣ್ಣಾದರೂ ತನ್ನ ವೀರದಿಂದ ನಾಡನ್ನು ಚೆನ್ನಾಗಿ ಕಾಪಾಡಿದಳು ಎಂದು ಶಾಸನ ಅವಳನ್ನು ಕೊಂಡಾಡುತ್ತದೆ. ಕಾಯಿಲೆ ಬಂದು ಆಯುಸ್ಸು ತೀರುತ್ತ ಬಂದಿತೆಂದು ತಿಳಿದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಜೈನ ಧರ್ಮದ ರೀತಿಯಲ್ಲಿ ವ್ರತ ಹಿಡಿದು ದೇಹ ಬಿಟ್ಟಳು. ಗಂಡನಿಂದ ಹೆಂಡತಿಗೆ, ತಾಯಿಯಿಂದ ಮಗಳಿಗೆ ಬಂದ ನಾಡಿನ ಗೌಡಿಕೆ ಇದು. ಸಾವಿರ ವರ್ಷದ ಮೇಲೆ ಬಂದ ಬ್ರಿಟಿಷರ ಕಾಲದಲ್ಲಿ ಚಾವಡಿಯ ಗಾದಿಯ ಮೇಲೆ ಕೂತವರು ಗಂಡಸರೇ ಎಂಬುದನ್ನು ನೆನೆದರೆ, ಹಿಂದಿನದೆಲ್ಲ ಹಿಂದುಳಿದದ್ದು ಎಂಬ ನಮ್ಮ ನಂಬಿಕೆ ಸ್ವಲ್ಪ ಅಲುಗಾಡುತ್ತದೆ.

ಮುಂದೆ ಹಳ್ಳಿಯ ಆಡಳಿತ ಆಯಗಾರರ ಪದ್ಧತಿಯಾಗಿ ನೆಲೆಗೊಂಡಿತು. ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ, ಬಡಗಿ, ಕಮ್ಮಾರ, ಕುಂಬಾರ, ಅಗಸ, ನಾಯಿಂದ, ಜೋಯಿಸ ಹೀಗೆ ಹನ್ನೆರಡು ಮಂದಿ ಎಂದು ಲೆಕ್ಕ, ಪಟ್ಟಿ ಮಾತ್ರ ಸೀಮೆಗೊಂದು. ಗೌಡ ಕಂದಾಯಕ್ಕೂ ಶಾಂತಿಗೂ ಹೊಣೆ. ಶಾನುಭೋಗ ಲೆಕ್ಕ ಬರೆಯುವವನು. ತಳವಾರ ರಾತ್ರಿ ಕಾವಲು ಕಾಯುವವನು, ಕಳವಾದರೆ ಹೆಜ್ಜೆ ಹಿಡಿದು ಹುಡುಕುವವನು. ಇವರಿಗೆ ಸುಗ್ಗಿಯಲ್ಲಿ ಕಣದ ಧಾನ್ಯದಲ್ಲಿ ಆಯ, ಜೊತೆಗೆ ಇನಾಮು ಭೂಮಿ. ಪಟೇಲ ಶಾನುಭೋಗರಿಗೆ ಸರ್ಕಾರ ಕೊಡುತ್ತಿದ್ದ ಸಣ್ಣ ನಗದು ಸಂಭಾವನೆಗೆ ಮೈಸೂರು ಸೀಮೆಯಲ್ಲಿ ಪೋಟಗಿ ಎನ್ನುತ್ತಿದ್ದರು. ದಕ್ಷಿಣ ಕನ್ನಡದಲ್ಲಿ ಪಟೇಲ, ಶಾನುಭೋಗರ ಕೈಕೆಳಗೆ ಉಗ್ರಾಣಿ ಇದ್ದ. ಉತ್ತರದ ಜಿಲ್ಲೆಗಳಲ್ಲಿ ಪಾಟೀಲ, ಕುಲಕರ್ಣಿ, ವಾಲಿಕಾರ. ಹೆಸರು ಬೇರೆ, ಚಾವಡಿ ಒಂದೇ.

ಕೆರೆಯ ತೂಬು ತೆಗೆದು ಗದ್ದೆಗೆ ನೀರು ಹಂಚುತ್ತಿದ್ದ ನೀರುಗಂಟಿಯ ಕೆಲಸ ಅರಿಯಬೇಕಾದರೆ, ರಜೆಯಲ್ಲಿ ನಿಜವಾ ಕಡೆ ಹೋದಾಗ ಅಲ್ಲಿಯ ಫಲಜ್ ಕಾಲುವೆಯ ಬಳಿ ಸ್ವಲ್ಪ ಹೊತ್ತು ನಿಲ್ಲಿ. ೨೦೦೬ರಲ್ಲಿ ಯುನೆಸ್ಕೊ ಈ ಕಾಲುವೆಗಳಲ್ಲಿ ಐದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ನಿಜವಾದ ಫಲಜ್ ದಾರಿಸ್ ಅವುಗಳಲ್ಲೊಂದು. ಅಲ್ಲಿ ನೀರಿನ ಪಾಳಿಯನ್ನು ನೋಡಿಕೊಳ್ಳುವವನು ಅರೀಫ್. ಹಗಲಲ್ಲಿ ಕೋಲಿನ ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ, ಸುಮಾರು ಅರ್ಧ ಗಂಟೆಯ ಒಂದು ಅಥರ್ ಲೆಕ್ಕದಲ್ಲಿ ಪ್ರತಿಯೊಬ್ಬನ ತೋಟಕ್ಕೆ ನೀರು ಬಿಡುವುದು ಹಿಂದಿನಿಂದ ಬಂದ ಕ್ರಮ. ಬಡವನ ಪಾಲನ್ನು ಬಲ್ಲಿದನಿಗೆ ತಿರುಗಿಸದವನೇ ಆ ಕೆಲಸಕ್ಕೆ ಅರ್ಹ. ನಮ್ಮ ನೀರುಗಂಟಿಗೂ ಇದಕ್ಕಿಂತ ದೊಡ್ಡ ಅರ್ಹತೆ ಬೇಕಿರಲಿಲ್ಲ.

ಬ್ರಿಟಿಷರು ಬಂದ ಮೇಲೆ ಊರಿನ ವಾಡಿಕೆ ಕಾಗದಕ್ಕೆ ಇಳಿಯಿತು. ಮದ್ರಾಸ್ ಪ್ರಾಂತದಲ್ಲಿ ೧೮೧೬ರ ಹನ್ನೊಂದನೆಯ ರೆಗ್ಯುಲೇಷನ್ ಊರ ಮುಖ್ಯಸ್ಥನನ್ನೇ ಗ್ರಾಮ ಪೊಲೀಸಿನ ತಲೆಯಾಗಿ ಮಾಡಿತು. ಸಣ್ಣ ಜಗಳ, ಬೈಗುಳಗಳಿಗೆ ತಪ್ಪಿತಸ್ಥನನ್ನು ಹನ್ನೆರಡು ಗಂಟೆಯ ತನಕ ಕೂಡಿಹಾಕುವ ಅಧಿಕಾರ ಅವನಿಗೆ ಬಂತು. ಆದರೆ ತಪ್ಪಿತಸ್ಥ ಕೆಳಜಾತಿಯವನಾದರೆ ಕಾಲನ್ನು ಮರದ ಕೋಳಕ್ಕೆ ಸಿಕ್ಕಿಸಿ ಆರು ಗಂಟೆ ಕೂರಿಸಬಹುದು ಎಂದೂ ಅದೇ ಕಾನೂನು ಹೇಳಿತು. ತಪ್ಪು ಒಂದೇ, ಶಿಕ್ಷೆ ಎರಡು. ಹಳ್ಳಿಯ ವಾಡಿಕೆಯಲ್ಲಿದ್ದ ಅನ್ಯಾಯಕ್ಕೆ ಸರ್ಕಾರದ ಮೊಹರು ಬಿದ್ದದ್ದು ಹೀಗೆ.

ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರದ ಕಡೆ ಬೊಂಬಾಯಿ ಸರ್ಕಾರದ ಕಾನೂನು. ಅಲ್ಲಿ ೧೮೬೭ರ ಗ್ರಾಮ ಪೊಲೀಸ್ ಕಾಯಿದೆ ಪೊಲೀಸ್ ಪಾಟೀಲನ ಕೆಲಸವನ್ನು ಗೊತ್ತುಮಾಡಿತು. ಊರಲ್ಲಿ ನಡೆದ ಅಪರಾಧದ ಸುದ್ದಿಯನ್ನು ಮೇಲಿನವರಿಗೆ ಮುಟ್ಟಿಸಬೇಕು, ಸಂಶಯದ ಮನುಷ್ಯರ ಮೇಲೆ ಕಣ್ಣಿಡಬೇಕು, ಯಾರಾದರೂ ಅಸಹಜವಾಗಿ ಸತ್ತರೆ ಪಂಚರನ್ನು ಕೂಡಿಸಿ ಪಂಚನಾಮೆ ಮಾಡಬೇಕು. ೧೮೭೪ರ ವಂಶಪಾರಂಪರ್ಯ ಹುದ್ದೆಗಳ ಕಾಯಿದೆ ವತನದಾರರ ಹಕ್ಕುಗಳನ್ನು ದಾಖಲೆ ಮಾಡಿತು. ಮೈಸೂರು ಸಂಸ್ಥಾನವೂ ೧೯೦೮ರಲ್ಲಿ ಗ್ರಾಮ ಹುದ್ದೆಗಳಿಗಾಗಿ ತನ್ನದೇ ಕಾನೂನು ತಂದಿತು.

ಅರ್ಹತೆಯ ಪಟ್ಟಿ ಬಿಡಿಸಿ ಕಾಣುವುದು ಮದ್ರಾಸಿನ ೧೮೯೫ರ ಕಾಯಿದೆಯಲ್ಲಿ. ಆಗ ನಮ್ಮ ಬಳ್ಳಾರಿಯೂ ಮದ್ರಾಸಿಗೇ ಸೇರಿತ್ತು. ಊರ ಮುಖ್ಯಸ್ಥನಾಗುವವನಿಗೆ ಪ್ರಾಯ ತುಂಬಿರಬೇಕು; ಕೆಲಸ ಮಾಡಲು ದೇಹಶಕ್ತಿ, ಬುದ್ಧಿಶಕ್ತಿ ಎರಡೂ ಇರಬೇಕು; ಸರ್ಕಾರ ಗೊತ್ತುಮಾಡಿದ ವಿದ್ಯೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು; ಹುದ್ದೆಗೆ ಕಳಂಕ ತರುವಂಥ ಅಪರಾಧದಲ್ಲಿ ಶಿಕ್ಷೆ ಆಗಿರಬಾರದು. ಇಷ್ಟು ಓದಿದರೆ ಅಮೆರಿಕದ ಷೆರೀಫನ ಪಟ್ಟಿಯನ್ನೇ ಓದಿದಂತೆ ಆಗುತ್ತದೆ. ಆದರೆ ಇದೆಲ್ಲಕ್ಕೂ ಮೊದಲು ಒಂದು ಬಾಗಿಲು ಇತ್ತು. ಹುದ್ದೆ ತೆರವಾದರೆ ಅದು ಹಿಂದಿನವನ ವಾರಸುದಾರನೊಬ್ಬನಿಗೆ, ಹಿರಿಯ ಮಗನ ಹಕ್ಕಿನ ಕ್ರಮದಲ್ಲಿ ಹೋಗಬೇಕು. ವಾರಸುದಾರ ಇನ್ನೂ ಮಗುವಾಗಿದ್ದರೆ ಅವನ ಹೆಸರು ಬರೆದಿಟ್ಟು, ಅವನು ಪ್ರಾಯಕ್ಕೆ ಬಂದು ಪರೀಕ್ಷೆ ಮುಗಿಸುವ ತನಕ ಬೇರೊಬ್ಬನನ್ನು ಆ ಜಾಗದಲ್ಲಿ ಕೂರಿಸಿ ಕಾಯುತ್ತಿದ್ದರು. ಅಂದರೆ ಪರೀಕ್ಷೆ ಇತ್ತು ನಿಜ, ಅದನ್ನು ಬರೆಯಲು ಕೂರುವ ಹಕ್ಕು ಮಾತ್ರ ತೊಟ್ಟಿಲಲ್ಲೇ ತೀರ್ಮಾನವಾಗುತ್ತಿತ್ತು.

ಇಲ್ಲಿ ನಮ್ಮ ಸಂಘದೊಳಗೆ ನಡೆದ ಒಂದು ಮಾತನ್ನು ಹೇಳಲೇಬೇಕು. ಹಿಂದೊಮ್ಮೆ ದೀಪಾವಳಿಯ ಕೂಟದಲ್ಲಿ ಸದಸ್ಯರೊಬ್ಬರು ತಮ್ಮ ಅಜ್ಜನ ಕಾಲದ ಬೆಳ್ಳಿಕಟ್ಟಿನ ಬೆತ್ತವನ್ನು ತಂದು ತೋರಿಸಿದರು. ಅಜ್ಜ ಪಟೇಲರು. ಬೆತ್ತ ಕೈಯಿಂದ ಕೈಗೆ ದಾಟಿತು, ಎಲ್ಲರೂ ಮೆಚ್ಚಿದರು. ಅದು ಒಬ್ಬರ ಕೈಗೆ ಬಂದಾಗ ಅವರು ತುಸು ಹೊತ್ತು ಹಿಡಿದು ನೋಡಿ, "ಚೆನ್ನಾಗಿದೆ ಸಾರ್. ನಮ್ಮಜ್ಜ ನಮ್ಮೂರಲ್ಲಿ ತೋಟಿ. ಇಂಥದ್ದೊಂದನ್ನು ಅವರು ದೂರದಿಂದಲೇ ನೋಡಿದ್ದು" ಎಂದರು. ದನಿಯಲ್ಲಿ ಕೋಪವಿರಲಿಲ್ಲ. ಆದರೂ ಆ ಹೊತ್ತು ಕೂಟದಲ್ಲಿ ಯಾರಿಗೂ ಮಾತು ಹೊರಡಲಿಲ್ಲ. ಆಮೇಲೆ ಬೆತ್ತ ತಂದವರೇ ಎದ್ದು ಹೋಗಿ ಅವರ ಪಕ್ಕದಲ್ಲಿ ಊಟಕ್ಕೆ ಕೂತರು. ಈ ಲೇಖನ ಬರೆಯುವಾಗ ಆ ರಾತ್ರಿ ನಮ್ಮ ಕಣ್ಣ ಮುಂದಿತ್ತು.

ಏಕೆಂದರೆ ತೋಟಿ, ತಳವಾರ, ವಾಲಿಕಾರರ ಕೆಲಸವೂ ವಂಶಪಾರಂಪರ್ಯವೇ. ಪಟೇಲನ ಮಗ ಪಟೇಲನಾಗುವುದು ಹಕ್ಕು, ತೋಟಿಯ ಮಗ ತೋಟಿಯಾಗುವುದು ಬಿಡಲಾಗದ ಹೊರೆ. ಓಲೆ ಹೊತ್ತು ಹತ್ತು ಮೈಲಿ ನಡೆಯುವುದು, ಡಂಗುರ ಸಾರುವುದು, ಸರ್ಕಾರಿ ಸವಾರಿ ಬಂದಾಗ ಸಾಮಾನು ಹೊರುವುದು, ಸತ್ತ ದನ ಎಳೆಯುವುದು ಎಲ್ಲ ಅವರ ಪಾಲು. ಇಷ್ಟಾಗಿಯೂ ಊರು ತನ್ನ ಅತ್ಯಂತ ದೊಡ್ಡ ನಂಬಿಕೆಯನ್ನು ಇಟ್ಟಿದ್ದು ಇವರಲ್ಲೇ. ಹಳೆಯ ಮೈಸೂರಿನಲ್ಲಿ ಹೊಲೆಯ ಸಮುದಾಯದ ಕುಳವಾಡಿ ಊರಿನ ಎಲ್ಲೆಗಳನ್ನು ಬಲ್ಲವನು. ಗಡಿಯ ತಂಟೆ ಬಂದಾಗ ಅವನು ನಡೆದು ತೋರಿಸಿದ್ದೇ ಗಡಿ ಎಂದು ಎರಡು ಊರಿನವರೂ ಒಪ್ಪುತ್ತಿದ್ದರೆಂದು ಹತ್ತೊಂಬತ್ತನೆಯ ಶತಮಾನದ ಬರಹಗಳು ಹೇಳುತ್ತವೆ. ನೆಲದ ಸತ್ಯಕ್ಕೆ ಅವನ ಮಾತು ಬೇಕು. ಆದರೆ ಅನೇಕ ಊರುಗಳಲ್ಲಿ ಆ ಸತ್ಯವನ್ನು ಬರೆಯುವ ಚಾವಡಿಯ ಜಗಲಿಯನ್ನು ಅವನು ಹತ್ತುವಂತಿರಲಿಲ್ಲ. ಅರ್ಹತೆ ಇದ್ದದ್ದು ಒಬ್ಬನಲ್ಲಿ, ಅಧಿಕಾರ ಇದ್ದದ್ದು ಇನ್ನೊಬ್ಬನಲ್ಲಿ. ಇದಕ್ಕಿಂತ ದೊಡ್ಡ ದೋಷ ಆ ಪದ್ಧತಿಗೆ ಬೇಕೆ?

೧೯೫೦ರಲ್ಲಿ ನಮ್ಮ ಸಂವಿಧಾನ ಜಾರಿಗೆ ಬಂತು. ಅದರ ಹದಿನಾರನೆಯ ಅನುಚ್ಛೇದ, ಸರ್ಕಾರದ ಕೆಲಸಕ್ಕೆ ಧರ್ಮ, ಜಾತಿ, ಲಿಂಗ, ವಂಶ ಮುಂತಾದವುಗಳ ಕಾರಣದಿಂದಲೇ ಯಾರನ್ನೂ ಅನರ್ಹರೆಂದು ತಳ್ಳಬಾರದು ಎನ್ನುತ್ತದೆ. ಇದರಲ್ಲಿ ವಂಶ ಎಂಬ ಒಂದು ಪದ ಸಾವಿರಾರು ಚಾವಡಿಗಳ ಬಾಗಿಲು ತಟ್ಟುವಂಥದ್ದು. ತಟ್ಟಿದವರು ಗಾಜುಲ ದಶರಥ ರಾಮರಾವ್ ಎಂಬ ಆಂಧ್ರದವರು. ಗುಂಟೂರು ಜಿಲ್ಲೆಯಲ್ಲಿ ಹೊಸದಾಗಿ ರಚಿಸಿದ ಒಂದು ಗ್ರಾಮದ ಮುಖ್ಯಸ್ಥನ ಹುದ್ದೆಗೆ ಅವರೂ ಅರ್ಜಿ ಹಾಕಿದ್ದರು. ಆದರೆ ೧೮೯೫ರ ಕಾಯಿದೆಯಂತೆ ಹಿಂದಿನ ಮನೆತನದವರಿಗೇ ಮೊದಲ ಹಕ್ಕು ಎಂದಾಯಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು. ೧೯೬೦ರ ಡಿಸೆಂಬರ್ ೬ರಂದು ತೀರ್ಪು ಬಂತು: ಗ್ರಾಮದ ಮುಖ್ಯಸ್ಥನ ಹುದ್ದೆ ಸರ್ಕಾರದ ಹುದ್ದೆಯೇ, ವಂಶವೊಂದನ್ನೇ ನೋಡಿ ಅದನ್ನು ಕೊಡುವುದು ಸಂವಿಧಾನಕ್ಕೆ ವಿರುದ್ಧ. ತೊಟ್ಟಿಲಿನ ಅರ್ಹತೆ ಅಲ್ಲಿಗೆ ಮುರಿದು ಬಿತ್ತು.

ನಮ್ಮ ರಾಜ್ಯ ಹಿಂದೆ ಬೀಳಲಿಲ್ಲ. ಬೊಂಬಾಯಿ ಸೀಮೆಯ ಕುಲಕರ್ಣಿ ವತನಗಳನ್ನು ಅಲ್ಲಿಯ ಸರ್ಕಾರ ೧೯೫೦ರ ಕಾನೂನಿನಿಂದಲೇ ತೆಗೆದುಹಾಕಿತ್ತು. ಏಕೀಕರಣದ ನಂತರ ಇಡೀ ರಾಜ್ಯಕ್ಕೆ ಅನ್ವಯಿಸುವಂತೆ ೧೯೬೧ರಲ್ಲಿ ಮೈಸೂರು ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ಬಂತು. ಕಾಯಿದೆಯಾದಾಗ ಮುಖ್ಯಮಂತ್ರಿ ಬಿ. ಡಿ. ಜತ್ತಿ, ೧೯೬೩ರ ಫೆಬ್ರವರಿ ೧ರಂದು ಜಾರಿಯಾದಾಗ ಎಸ್. ನಿಜಲಿಂಗಪ್ಪ. ಆ ದಿನ ಪಟೇಲ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ ಎಲ್ಲರ ವಂಶದ ಹುದ್ದೆಗಳೂ ಒಟ್ಟಿಗೆ ಮುಗಿದವು. ಕೆಲವರು ಕೋರ್ಟಿಗೆ ಹೋದರು. ೧೯೬೬ರಲ್ಲಿ ವರದಿಯಾದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿ ಹಿಡಿಯಿತು.

ಇನಾಮು ಭೂಮಿಯ ಕಥೆ ಅಷ್ಟು ಸಲೀಸಾಗಿ ಮುಗಿಯಲಿಲ್ಲ. ಭೂಮಿಯನ್ನು ಸರ್ಕಾರ ತನ್ನ ವಶಕ್ಕೆ ತೆಗೆದುಕೊಂಡು, ಹುದ್ದೆಯಲ್ಲಿದ್ದವರಿಗೆ ಮರುಮಂಜೂರಿ ಮಾಡುವುದೆಂದು ಕಾಯಿದೆ ಹೇಳಿತು. ತೋಟಿ, ತಳವಾರರ ಮನೆಗಳಿಗೆ ತಮ್ಮದು ಎನ್ನುವ ನೆಲ ಸಿಗುವ ಕಾಲ ಅದು. ಆದರೆ ಸಾಲಕ್ಕೂ ಮದುವೆಗೂ ಎಷ್ಟೋ ಭೂಮಿ ಕೈಬಿಟ್ಟು ಹೋಯಿತು. ಅದನ್ನು ತಡೆಯಲು ೧೯೭೮ರಲ್ಲಿ ತಿದ್ದುಪಡಿ ತಂದು, ಮರುಮಂಜೂರಾದ ಭೂಮಿಯನ್ನು ಹದಿನೈದು ವರ್ಷ ಪರಭಾರೆ ಮಾಡಬಾರದೆಂದು ವಿಧಿಸಿದರು. ಊರಲ್ಲಿ ಇಂಥ ಜಮೀನಿನ ತಕರಾರು ಇರುವ ಸದಸ್ಯರು ಈ ಎರಡು ವರ್ಷಗಳನ್ನು, ೧೯೬೩ ಮತ್ತು ೧೯೭೮ನ್ನು, ನೆನಪಿಟ್ಟುಕೊಂಡು ಹಳೆಯ ಕಾಗದಗಳನ್ನು ನೋಡುವುದು ಒಳ್ಳೆಯದು.

ಪಟೇಲನ ಜಾಗಕ್ಕೆ ಯಾರು ಬಂದರು? ಲೆಕ್ಕಕ್ಕೆ ಗ್ರಾಮ ಲೆಕ್ಕಿಗ, ಶಾಂತಿಗೆ ಪೊಲೀಸ್ ಠಾಣೆ. ಗ್ರಾಮ ಲೆಕ್ಕಿಗನಿಗೆ ಬೇಕಾದದ್ದು ವಂಶಾವಳಿ ಅಲ್ಲ, ಶಾಲೆಯ ಸರ್ಟಿಫಿಕೇಟು. ಇತ್ತೀಚೆಗೆ ಆ ಹುದ್ದೆಗೆ ಗ್ರಾಮ ಆಡಳಿತಾಧಿಕಾರಿ ಎಂದು ಹೆಸರಿಟ್ಟಿದ್ದಾರೆ. ೨೦೨೪ರಲ್ಲಿ ೧೦೦೦ ಹುದ್ದೆಗಳಿಗೆ ಪಿ.ಯು.ಸಿ. ಆದವರಿಂದ ಅರ್ಜಿ ಕರೆದು ಸ್ಪರ್ಧಾತ್ಮಕ ಪರೀಕ್ಷೆ ನಡೆಸಿದರು. ಯಾವ ಮನೆಯ ಹೆಣ್ಣುಮಗಳೂ ಬರೆಯಬಹುದು, ಗೆಲ್ಲಬಹುದು. ಜಕ್ಕಿಯಬ್ಬೆಗೆ ಗಂಡ ಸತ್ತ ಮೇಲೆ ಸಿಕ್ಕಿದ ಅಧಿಕಾರ ಇಂದು ಹುಡುಗಿಯರಿಗೆ ಸ್ವಂತ ಅಂಕಗಳಿಂದ ಸಿಗುತ್ತಿದೆ. ಪಟೇಲ, ಪಾಟೀಲ ಎಂಬ ಹೆಸರಿನವರು ಆಮೇಲೂ ರಾಜ್ಯವಾಳಿದರು. ವೀರೇಂದ್ರ ಪಾಟೀಲರು ೧೯೬೮ರಲ್ಲಿ, ಜೆ. ಎಚ್. ಪಟೇಲರು ೧೯೯೬ರಲ್ಲಿ ಮುಖ್ಯಮಂತ್ರಿಗಳಾದರು. ಆದರೆ ಅವರನ್ನು ಅಲ್ಲಿಗೆ ಕಳಿಸಿದ್ದು ಹೆಸರಲ್ಲ, ಜನರ ಓಟು.

ಆದರೂ ನಿಜವಾದ ಪೊಲೀಸ್ ಪಾಟೀಲರನ್ನು ನೋಡಬೇಕೆಂದು ನಮ್ಮ ಹುಡುಗ ಹಟ ಹಿಡಿದರೆ ಅವನನ್ನು ಗಡಿಯಾಚೆ ಕರೆದುಕೊಂಡು ಹೋಗಬಹುದು. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ, ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕುಗಳಲ್ಲಿ ಕನ್ನಡ ಮಾತಾಡುವ ಹಳ್ಳಿಗಳು ಎಷ್ಟೋ ಇವೆ. ಮಹಾರಾಷ್ಟ್ರ ಸರ್ಕಾರ ವಂಶದ ಹಕ್ಕನ್ನು ತೆಗೆದುಹಾಕಿ, ೧೯೬೭ರ ಹೊಸ ಗ್ರಾಮ ಪೊಲೀಸ್ ಕಾಯಿದೆಯಲ್ಲಿ ಹುದ್ದೆಯನ್ನು ಮಾತ್ರ ಉಳಿಸಿಕೊಂಡಿತು. ಅರ್ಹತೆಯ ನಿಯಮ ೧೯೬೮ರಲ್ಲಿ ಬಂತು. ವಯಸ್ಸು ಇಪ್ಪತ್ತೈದಕ್ಕೆ ಕಡಿಮೆ ಇರಬಾರದು, ನಲವತ್ತೈದು ದಾಟಿರಬಾರದು, ಅದೇ ಊರಿನ ನಿವಾಸಿಯಾಗಿರಬೇಕು, ದೇಹ ಗಟ್ಟಿಯಾಗಿರಬೇಕು, ನಡತೆ ಚೆನ್ನಾಗಿರಬೇಕು. ಓದು ಮೊದಲು ಆರನೆಯ ತರಗತಿ ಸಾಕಾಗಿತ್ತು, ಈಗ ಹತ್ತನೆಯದು ಪಾಸಾಗಿರಬೇಕು. ಹೆಂಗಸರೂ ಪೊಲೀಸ್ ಪಾಟೀಲರಾಗಿದ್ದಾರೆ. ಒಂದೇ ಭಾಷೆಯ ಎರಡು ಹಳ್ಳಿಗಳು, ನಡುವೆ ಒಂದು ರಾಜ್ಯದ ಗಡಿ. ಈಚೆ ಪಾಟೀಲ ಎಂಬುದು ಬರಿಯ ಅಡ್ಡಹೆಸರು, ಆಚೆ ಅದು ಪರೀಕ್ಷೆ ಬರೆದು ಪಡೆಯುವ ಕೆಲಸ.

ಇನ್ನು ನಾವು ಅನ್ನ ಉಣ್ಣುತ್ತಿರುವ ಈ ನಾಡಿನ ಮಾತು. ಒಮಾನಿನಲ್ಲಿ ಈಗ ೧೧ ಗವರ್ನರೇಟುಗಳು, ಅವುಗಳೊಳಗೆ ೬೩ ವಿಲಾಯತ್‌ಗಳು ಇವೆ. ನಮ್ಮ ತಾಲ್ಲೂಕಿನಂತಿರುವ ವಿಲಾಯತ್ತಿನ ತಲೆ ವಾಲಿ. ಹಿಂದಿನ ಕಾಲದಲ್ಲಿ ವಾಲಿ ಕೋಟೆಯಲ್ಲಿ ಕೂತು, ಖಾಜಿಯ ನೆರವಿನಿಂದ ವ್ಯಾಜ್ಯ ಕೇಳಿ, ಅಸ್ಕರಿ ಕಾವಲುಗಾರರಿಂದ ಶಾಂತಿ ಕಾಪಾಡುತ್ತಿದ್ದ. ಮಸ್ಕತ್ ಪಟ್ಟಣದ ಬಾಗಿಲುಗಳನ್ನು ರಾತ್ರಿ ಮುಚ್ಚಿಬಿಡುತ್ತಿದ್ದರು, ಆಮೇಲೆ ಓಡಾಡುವವರು ಕೈಯಲ್ಲಿ ಲಾಟೀನು ಹಿಡಿಯಲೇಬೇಕಿತ್ತು. ೧೯೭೦ರಲ್ಲಿ ಸುಲ್ತಾನ್ ಖಾಬೂಸರು ಪಟ್ಟಕ್ಕೆ ಬಂದ ಮೇಲೆ ಇಂದಿನ ಪೊಲೀಸ್ ವ್ಯವಸ್ಥೆ ಬೆಳೆಯಿತು. ವಾಲಿಯದು ಸರ್ಕಾರದ ನೇಮಕ, ಶೇಖ್ ಪದವಿ ಕುಲದ ಹಿರಿತನದಿಂದ ಬರುವುದು ವಾಡಿಕೆ. ಆದರೆ ಇಲ್ಲಿಯೂ ವಂಶದ ಬಾಗಿಲು ಒಮ್ಮೆ ತೆರೆದುಕೊಂಡದ್ದನ್ನು ನಾವೆಲ್ಲ ಬಲ್ಲೆವು. ಕಚ್ಛ್ ಮೂಲದ ವ್ಯಾಪಾರಿ ಮನೆತನದ ಕನಕ್ಸಿ ಖೀಮ್ಜಿ ಅವರಿಗೆ ಸುಲ್ತಾನ್ ಖಾಬೂಸರು ಶೇಖ್ ಎಂಬ ಗೌರವ ಕೊಟ್ಟರು. ಹಿಂದೂ ಒಬ್ಬರು ಶೇಖ್ ಆದ ಅಪರೂಪದ ಸಂಗತಿ ಅದು. ೧೮೭೦ರಿಂದ ಈ ನೆಲದಲ್ಲಿ ಬೇರು ಬಿಟ್ಟ ಮನೆತನದವರಾಗಿದ್ದ ಅವರು ೨೦೨೧ರಲ್ಲಿ ತೀರಿಕೊಂಡರು. ರಕ್ತ ಬೇರೆಯಾದರೂ ನೆಲದ ಜನರ ನಡುವೆ ಬಾಳಿ ನಂಬಿಕೆ ಗಳಿಸಿದರೆ ಗೌರವ ಬರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಎಲ್ಲ ಪಟ್ಟಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನಮಗೆ ಕಂಡದ್ದಿಷ್ಟು. ವಂಶ ಬಂತು, ಹೋಯಿತು. ವಿದ್ಯೆಯ ಮಟ್ಟ ಏರುತ್ತ ಬಂತು. ಹೆಣ್ಣಿಗೆ ಒಮ್ಮೆ ತೆರೆದ ಬಾಗಿಲು ಮುಚ್ಚಿ ಮತ್ತೆ ತೆರೆಯಿತು. ಊರಲ್ಲಿ ಇರಬೇಕು, ಊರಿನವರು ನಂಬಬೇಕು ಎಂಬ ಎರಡು ಮಾತುಗಳು ಮಾತ್ರ ಗಾವುಂಡನ ವೀರಗಲ್ಲಿನಿಂದ ಇಂದಿನ ಪೊಲೀಸ್ ಪಾಟೀಲನ ತನಕ, ಅಮೆರಿಕದ ಷೆರೀಫನ ತನಕ ಬದಲಾಗಿಲ್ಲ. ಹಳೆಯ ಪಟೇಲಿಕೆಯಲ್ಲಿ ಕಳೆದುಕೊಂಡದ್ದಕ್ಕೆ ಮರುಗುವವರು ನಮ್ಮಲ್ಲಿದ್ದಾರೆ. ರಾತ್ರಿ ಹನ್ನೆರಡಕ್ಕೆ ಬಾಗಿಲು ತಟ್ಟಿದರೂ ಎದ್ದು ಬರುವ ಮನುಷ್ಯ ಊರಲ್ಲೇ ಇದ್ದ, ಈಗ ಠಾಣೆ ಹತ್ತು ಮೈಲಿ ದೂರ ಎಂಬ ಅವರ ಮಾತಿನಲ್ಲಿ ಸತ್ಯವಿದೆ. ಆದರೆ ಆ ಬಾಗಿಲನ್ನು ತಟ್ಟುವ ಧೈರ್ಯ ಊರಲ್ಲಿ ಎಲ್ಲರಿಗೂ ಇತ್ತೇ ಎಂದು ತೋಟಿಯ ಮೊಮ್ಮಗನನ್ನೂ ಕೇಳಿ ಆಮೇಲೆ ಮರುಗೋಣ.

ಇನ್ನೊಂದು ಕಹಿ ಸತ್ಯ ನಮ್ಮದೇ. ಊರಲ್ಲಿ ವಾಸ ಎಂಬ ಆ ಹಳೆಯ ಅರ್ಹತೆಯಲ್ಲಿ ನಾವೆಲ್ಲರೂ ನಪಾಸು, ಪಟೇಲರ ಮೊಮ್ಮಕ್ಕಳೂ ತೋಟಿಯ ಮೊಮ್ಮಕ್ಕಳೂ ಒಂದೇ ಸಮನಾಗಿ. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಹೋಗಿ ಜಾತ್ರೆ ನೋಡಿ ಬರುವವರಿಗೆ ಊರ ಬೆತ್ತದ ಮೇಲೆ ಹಕ್ಕಿಲ್ಲ. ನಮ್ಮ ವಾಸ ಇಲ್ಲಿ, ನಮ್ಮ ಚಾವಡಿ ಈ ಸಂಘ. ಕೆಲಸ ಹೋದವನಿಗೆ ಟಿಕೆಟ್ಟಿಗೆ ಹಣ ಕೂಡಿಸುವಾಗ, ಆಸ್ಪತ್ರೆಯಲ್ಲಿ ಮಲಗಿದವರಿಗೆ ರಕ್ತ ಬೇಕಾದಾಗ, ಯಾರಾದರೂ ತೀರಿಕೊಂಡು ಕಾಗದಪತ್ರಕ್ಕೆ ಓಡಾಡಬೇಕಾದಾಗ ಮೊದಲು ಯಾರಿಗೆ ಫೋನು ಹೋಗುತ್ತದೋ ಅವರೇ ನಮ್ಮೂರ ಗೌಡರು. ಅವರ ಅಡ್ಡಹೆಸರು ಏನೆಂದು ಆ ಹೊತ್ತಿನಲ್ಲಿ ಯಾರೂ ಕೇಳಿದ್ದಿಲ್ಲ. ಮುಂದಿನ ಕಾರ್ಯಕಾರಿ ಸಮಿತಿಗೆ ಹೆಸರು ಸೂಚಿಸುವಾಗ ಸದಸ್ಯರು ಇದನ್ನು ಮನಸ್ಸಿನಲ್ಲಿಟ್ಟರೆ ಈ ಲೇಖನ ಬರೆದ ಶ್ರಮ ಸಾರ್ಥಕ.

ಕೊನೆಗೆ, ಪ್ರಶ್ನೆ ಕೇಳಿದ ಪುಟಾಣಿಗೆ ನಮ್ಮ ಉತ್ತರ: ಮಗೂ, ಷೆರೀಫ್ ಆಗಲು ಕುದುರೆ ಬೇಡ. ಚೆನ್ನಾಗಿ ಓದು, ಕೈ ಕೊಳೆ ಮಾಡಿಕೊಳ್ಳಬೇಡ, ಜನರ ನಡುವೆ ಇರು. ನಕ್ಷತ್ರದ ಬಿಲ್ಲೆಯನ್ನು ಆಮೇಲೆ ನೋಡೋಣ.